ಕೋಲಾರದ ಬೋರ್ ನೀರು ಆರ್‌ಒ ದಾಟಿದ ಮೇಲೂ 85 ಟಿಡಿಎಸ್: ರೀಫ್ ಟ್ಯಾಂಕ್‌ಗೆ ಆಗುತ್ತಾ?

ಕೋಲಾರ_3ಅಡಿ:
ಎಲ್ರಿಗೂ ನಮಸ್ಕಾರ. ನನ್ನದು ರೀಫ್ ಟ್ಯಾಂಕ್, ಅಂದ್ರೆ ಕಡಲ ಮೀನು, ಹವಳ ಸಾಕೋ ಉಪ್ಪುನೀರಿನ ತೊಟ್ಟಿ. ಅಳತೆ 90×45×45 ಸೆಂ.ಮೀ., ಕಲ್ಲು ಮರಳು ಕಳೆದು ಸುಮಾರು 150 ಲೀಟರ್ ನೀರು. ಕಲ್ಲು ಒಣ ಸೆರಾಮಿಕ್, ಸೈಕಲ್ (ತ್ಯಾಜ್ಯ ಕರಗಿಸೋ ಬ್ಯಾಕ್ಟೀರಿಯಾ ನೆಲೆಯೂರೋ ಹಂತ) ಮುಗಿದು ಏಳು ವಾರ. ಎರಡು ಓಸೆಲಾರಿಸ್ ಕ್ಲೌನ್ ಮೀನು, ಮೃದು ಹವಳದಲ್ಲಿ ಒಂದು ಮಶ್ರೂಮ್, ಒಂದು ಲೆದರ್ ಇವೆ. ಬೋರ್ ನೀರಿನ ಟಿಡಿಎಸ್ (ಲೀಟರಿಗೆ ಎಷ್ಟು ಮಿಲಿಗ್ರಾಂ ಲವಣ ಕರಗಿದೆ ಅನ್ನೋ ಅಳತೆ) 1140, ಅಡುಗೆಮನೆಯ ಆರ್‌ಒದಿಂದ ಬರೋದು 85. ಉಪ್ಪು ಬೆರೆಸೋಕೂ ಅದೇ, ದಿನಾ ಆವಿಯಾಗೋ 3 ಲೀಟರ್ ತುಂಬೋಕೂ ಅದೇ ನೀರು.

ಮರಳಿನ ಮೇಲೆ ಕಂದು ಪದರ ಕೂರ್ತಿದೆ, ಎಳೆದು ತೆಗೆದರೆ ಎರಡೇ ದಿನಕ್ಕೆ ವಾಪಸ್. ಉಪ್ಪಿನಂಶ 35, ನೈಟ್ರೇಟ್ 40, ಫಾಸ್ಫೇಟ್ 0.08. ಮಧ್ಯಾಹ್ನ ಉಷ್ಣಾಂಶ 29.5ಕ್ಕೆ ಹೋಗುತ್ತೆ. ಡಿಐ ಕಾರ್ಟ್ರಿಜ್ (ಉಳಿದ ಲವಣ ಹೀರೋ ರೆಸಿನ್ ಹರಳಿನ ಕೊಳವೆ) ಒಂದನ್ನು ಕೊನೆಗೆ ಸೇರಿಸಿ ನೋಡಿದೆ, ಮೂರೇ ವಾರಕ್ಕೆ ಬಣ್ಣ ಬಿಟ್ಟಿತು, ಅಂದ್ರೆ ರೆಸಿನ್ ಮುಗೀತು. ನೀರು ತಣ್ಣಗಿಡೋ ಚಿಲ್ಲರ್ ಬೇಕೇ ಬೇಕಾ? ಅಂಗಡಿಯವರು ಹ್ಯಾಮರ್, ಟಾರ್ಚ್ ಹವಳ ತರಿಸಿಕೊಡ್ತೀನಿ ಅಂತಿದ್ದಾರೆ, ಈಗ ಹಾಕಬಹುದಾ?

ಬಂಗಾರಪೇಟೆ_ಉಪ್ಪುನೀರು:
ಸರ್, ಹವಳದ ಮಾತು ಆಮೇಲೆ. ಮೊದಲು ನೀರು.

ಆವಿಯಾಗಿ ಹೋಗೋದು ಬರೀ ನೀರು, ಕರಗಿದ್ದೆಲ್ಲ ಟ್ಯಾಂಕಲ್ಲೇ ಉಳಿಯುತ್ತೆ. ದಿನಕ್ಕೆ 3 ಲೀಟರ್, ಲೀಟರಿಗೆ 85 ಮಿಲಿಗ್ರಾಂ ಅಂದ್ರೆ ತಿಂಗಳಿಗೆ ಏಳೂವರೆ ಗ್ರಾಂ ಬೋರ್ ಉಪ್ಪು ನಿಮ್ಮ 150 ಲೀಟರಲ್ಲಿ ಸೇರ್ತಿದೆ. ನಮ್ಮ ಕಡೆ ಬೋರ್ ನೀರಲ್ಲಿ ನೈಟ್ರೇಟ್, ಫ್ಲೋರೈಡ್ ಎರಡೂ ಇರುತ್ತೆ, ಬಂಡೆಯ ಒಳಗಿಂದ ಬರೋ ನೀರಾದ್ದರಿಂದ ಸಿಲಿಕಾ ಕೂಡ. ಕಂದು ಪದರಕ್ಕೆ ಆ ಸಿಲಿಕಾನೇ ಮೇವು. ಎರಡೇ ಸಣ್ಣ ಮೀನಿಗೆ ನೈಟ್ರೇಟ್ 40 ಜಾಸ್ತಿ. ಆರ್‌ಒ ನೀರನ್ನೇ ನೈಟ್ರೇಟ್ ಕಿಟ್‌ನಲ್ಲಿ ಒಮ್ಮೆ ನೋಡಿ, ಎಷ್ಟು ಪಾಲು ಅಲ್ಲಿಂದ ಬರ್ತಿದೆ ಅಂತ ಗೊತ್ತಾಗುತ್ತೆ.

ಅಡುಗೆಮನೆ ಆರ್‌ಒ ಈ ಕೆಲಸಕ್ಕಲ್ಲ. ಅದರಲ್ಲಿ ಟಿಡಿಎಸ್ ಕಂಟ್ರೋಲರ್ ಅಂತ ಒಂದು ಸಣ್ಣ ತಿರುಪು ಇರುತ್ತೆ, ರುಚಿಗೆ ಅಂತ ಮೆಂಬ್ರೇನ್ ದಾಟದ ನೀರನ್ನು ಸ್ವಲ್ಪ ಬೆರೆಸುತ್ತೆ. ಮಿನರಲ್ ಕಾರ್ಟ್ರಿಜ್ ಇದ್ದರೆ ಅದೂ ಸೇರುತ್ತೆ. ಬೇರೆಯೇ ಒಂದು 75 ಜಿಪಿಡಿ (ದಿನಕ್ಕೆ 75 ಗ್ಯಾಲನ್) ಮೆಂಬ್ರೇನ್ ಸೆಟ್ ಹಾಕಿಸಿ: 5 ಮೈಕ್ರಾನ್ ಸೆಡಿಮೆಂಟ್, ಕಾರ್ಬನ್, ಬೂಸ್ಟರ್ ಪಂಪ್, ಮೆಂಬ್ರೇನ್, ಕೊನೆಗೆ ಡಿಐ. ಬೂಸ್ಟರ್ ಬಿಡಬೇಡಿ. ಓವರ್‌ಹೆಡ್ ಟ್ಯಾಂಕ್ 5 ಮೀಟರ್ ಮೇಲಿದ್ದರೂ ಸಿಗೋ ಒತ್ತಡ 7 ಪಿಎಸ್‌ಐ ಮಾತ್ರ, ಮೆಂಬ್ರೇನ್ ಕೇಳೋದು 50–60.

ಒತ್ತಡ ಸರಿ ಇದ್ದು ಮೆಂಬ್ರೇನ್ 96% ತಡೆದರೂ 1140 ಇಳಿಯೋದು 45ಕ್ಕೆ. ಅದನ್ನು ನೇರ ಡಿಐಗೆ ಬಿಟ್ಟರೆ ರೆಸಿನ್ ಬೇಗ ಮುಗಿಯದೆ ಇನ್ನೇನು. ಡಿಐಗೆ ಕೊಡದೆ ಆ ನೀರನ್ನು ಡ್ರಮ್ಮಲ್ಲಿ ಹಿಡಿದು ಅದೇ ಮೆಷಿನ್‌ಗೆ ಇನ್ನೊಮ್ಮೆ ಹಾಯಿಸಿ. ಎರಡನೇ ಸಲಕ್ಕೆ 2–3ಕ್ಕೆ ಬರುತ್ತೆ, ರೆಸಿನ್ ಮೇಲಿನ ಹೊರೆ ಹತ್ತಿರಹತ್ತಿರ ಇಪ್ಪತ್ತರಲ್ಲಿ ಒಂದು ಪಾಲಾಗುತ್ತೆ. ಆ ಡ್ರಮ್ಮಿಗೆ ರಾತ್ರಿಯಿಡೀ ಒಂದು ಏರ್‌ಸ್ಟೋನ್ ಬಿಡಿ. ಆಳದ ಬೋರ್ ನೀರಲ್ಲಿ ಕಾರ್ಬನ್ ಡೈಆಕ್ಸೈಡ್ ಕರಗಿರುತ್ತೆ, ಮೆಂಬ್ರೇನ್ ಅದನ್ನು ತಡೆಯಲ್ಲ, ಟಿಡಿಎಸ್ ಮೀಟರಲ್ಲೂ ಸರಿಯಾಗಿ ಕಾಣಲ್ಲ, ಆದರೆ ರೆಸಿನನ್ನು ತಿಂದುಹಾಕುತ್ತೆ. ಪ್ರತಿ ಸಲ ಮೆಷಿನ್ ಹಾಕಿದಾಗ ಮೊದಲ ಐದು ನಿಮಿಷದ ನೀರನ್ನು ಚೆಲ್ಲಿಬಿಡಿ, ನಿಂತಿದ್ದ ಮೆಂಬ್ರೇನಿಂದ ಮೊದಲು ಬರೋದು ಜಾಸ್ತಿ ಟಿಡಿಎಸ್ ನೀರು.

ಇನ್ನೊಂದು ಮಾತು, ತುಂಬ ಜನ ಎಡವೋದು ಇಲ್ಲೇ. ರೆಸಿನ್ ಮುಗೀತಾ ಬಂದಾಗ ಮೊದಲು ಜಾರೋದು ಸಿಲಿಕಾ. ಮೀಟರ್ ಆಗಲೂ 0 ಅಂತಲೇ ತೋರಿಸುತ್ತೆ, ಕಂದು ಪದರ ಮಾತ್ರ ಶುರುವಾಗಿರುತ್ತೆ. ಕಾರ್ಟ್ರಿಜ್‌ನಲ್ಲಿ ಮೂರನೇ ಎರಡು ಭಾಗ ಬಣ್ಣ ತಿರುಗಿದರೆ ಬದಲಾಯಿಸಿ.

ವೇಸ್ಟ್ ನೀರು ನೋಡಿದರೆ ಹೊಟ್ಟೆ ಉರಿಯುತ್ತೆ, ನಮ್ಮ ಜಿಲ್ಲೇಲಿ ಇನ್ನೂ ಜಾಸ್ತಿ. ಹಾಗಂತ ಒಳ್ಳೇ ನೀರು ಒಂದು ಪಾಲಿಗೆ ವೇಸ್ಟ್ ನಾಲ್ಕು ಪಾಲು (1:4) ಇರೋದನ್ನು 1:1ಕ್ಕೆ ತಿರುಗಿಸಬೇಡಿ, ಇಷ್ಟು ಗಡಸು ನೀರಲ್ಲಿ ಮೆಂಬ್ರೇನ್ ಮೇಲೆ ಸುಣ್ಣ ಕಟ್ಟುತ್ತೆ. ಹಿಡಿದಿಟ್ಟು ನೆಲ ಒರೆಸಲಿಕ್ಕೆ, ಟಾಯ್ಲೆಟ್‌ಗೆ ಬಳಸಿ. ಗಿಡಕ್ಕೆ ಬೇಡ. ಎರಡನೇ ಸುತ್ತಿನ ವೇಸ್ಟ್ ಬೋರ್ ನೀರಿಗಿಂತ ಎಷ್ಟೋ ಸಿಹಿ, ಅದನ್ನು ಮನೆಯ ನೀರಿನ ಸಂಪಿಗೇ ಬಿಡಬಹುದು.

ಚಿಂತಾಮಣಿ_ಮೃದುಹವಳ:
ಮೇಲೆ ಹೇಳಿದ್ದು ಸರಿ, ಆದರೆ ಕಂದು ಅಂದ ಕೂಡಲೇ ಡಯಾಟಮ್ (ಸಿಲಿಕಾದಿಂದ ಬೆಳೆಯೋ ಕಂದು ಸೂಕ್ಷ್ಮ ಪಾಚಿ) ಅಂತ ತೀರ್ಮಾನ ಬೇಡ. ಬೆರಳಲ್ಲಿ ಒರೆಸಿದರೆ ಹಿಟ್ಟಿನ ಹಾಗೆ ಪುಡಿಯಾಗಿ ಹಾರಿದರೆ ಡಯಾಟಮ್. ಸಿಂಬಳದ ಹಾಗೆ ಎಳೆ ಎಳೆಯಾಗಿ, ತುದಿಯಲ್ಲಿ ಗುಳ್ಳೆ ಹಿಡಿದು, ರಾತ್ರಿ ಮಾಯವಾಗಿ ಬೆಳಕು ಬಂದ ಮೇಲೆ ಮತ್ತೆ ಕಂಡರೆ ಡೈನೋ (ಡೈನೋಫ್ಲಾಜೆಲೇಟ್ ಅನ್ನೋ ಬೇರೆ ಸೂಕ್ಷ್ಮಜೀವಿ) ಇರಬಹುದು. ಸ್ವಲ್ಪ ಎಳೆದು ಬಾಟಲಿಗೆ ಹಾಕಿ ಚೆನ್ನಾಗಿ ಕುಲುಕಿ, ಕಾಫಿ ಫಿಲ್ಟರ್ ಪೇಪರಲ್ಲಿ ಸೋಸಿ, ಆ ನೀರನ್ನು ಬೆಳಕಲ್ಲಿ ಒಂದು ಗಂಟೆ ಇಡಿ. ಮತ್ತೆ ಎಳೆ ಕಟ್ಟಿಕೊಂಡರೆ ಡೈನೋ. ಆಗ ನೈಟ್ರೇಟ್, ಫಾಸ್ಫೇಟ್ ಸೊನ್ನೆಗೆ ಇಳಿಸೋಕೆ ಹೋದರೆ ಅದು ಇನ್ನೂ ಹಬ್ಬುತ್ತೆ. ನಿಮ್ಮ ಅಂಕಿ ನೋಡಿದರೆ ಡಯಾಟಮ್ಮೇ ಅನ್ಸುತ್ತೆ.

ಚಿಲ್ಲರ್ ಬೇಡ ಅನ್ನೋದು ನನ್ನ ಅಭಿಪ್ರಾಯ. ಯುಗಾದಿ ಕಳೆದ ಮೇಲೆ ನಮ್ಮ ಬಿಸಿಲು ಒಣ ಬಿಸಿಲು, ಮಂಗಳೂರಿನ ಸೆಖೆ ಅಲ್ಲ. ಒಂದು ಲೀಟರ್ ಆವಿಯಾದರೆ ಸುಮಾರು 2,400 ಕಿಲೋಜೂಲ್ ಶಾಖ ಹೊತ್ತೊಯ್ಯುತ್ತೆ. 150 ಲೀಟರ್ ಒಂದು ಡಿಗ್ರಿ ಇಳಿಯೋಕೆ ಬೇಕಾದ್ದು 630 ಅಷ್ಟೇ. 120 ಎಂ.ಎಂ.ನ ಎರಡು 12 ವೋಲ್ಟ್ ಕಂಪ್ಯೂಟರ್ ಫ್ಯಾನ್‌ಗಳನ್ನು ನೀರಿನ ಮೇಲ್ಮೈಗೆ ಓರೆಯಾಗಿ ಬೀಸೋ ಹಾಗೆ ಕೂರಿಸಿ. ಕಂಟ್ರೋಲರ್ 26.5ಕ್ಕೆ ಆನ್, 25.8ಕ್ಕೆ ಆಫ್. ಮುಚ್ಚಳ ತೆಗೆದು ಬಲೆ ಹಾಕಿ, ಇಲ್ಲದಿದ್ದರೆ ಕ್ಲೌನ್ ಹಾರಿ ನೆಲಕ್ಕೆ ಬೀಳುತ್ತೆ. ಲೈಟ್ ಸಂಜೆ 4ರ ಮೇಲೆ ಹಾಕಿ. ಫ್ಯಾನ್ ಬಂದ ಮೇಲೆ ಟಾಪ್‌ಅಪ್ ನೀರು (ಆವಿಯಾದಷ್ಟನ್ನು ತುಂಬೋ ನೀರು) ಜಾಸ್ತಿ ಬೇಕಾಗುತ್ತೆ, ಅಂದ್ರೆ ಮೇಲಿನ ನೀರಿನ ಪಾಠ ಇನ್ನೂ ಮುಖ್ಯ.

ಸಿರಾ_ಸಂಪ್:
ಫ್ಯಾನ್ ವಿಷಯ ಒಪ್ತೀನಿ, ಒಂದು ಷರತ್ತು ಸೇರಿಸ್ತೀನಿ. ಆ ನೀರನ್ನು ತಾನೇ ತುಂಬೋ ಆಟೋ ಟಾಪ್‌ಅಪ್ ಇಟ್ಟರೆ ಅದನ್ನು ದೊಡ್ಡ ಡ್ರಮ್ಮಿಗೋ ಆರ್‌ಒ ಲೈನಿಗೋ ಜೋಡಿಸಬೇಡಿ. ಫ್ಲೋಟ್ ಮೇಲೆ ಉಪ್ಪು ಕಟ್ಟಿ ಸಿಕ್ಕಿಕೊಂಡರೆ ಪೂರ್ತಿ ಸುರಿದುಬಿಡುತ್ತೆ. 10 ಲೀಟರ್ ಕ್ಯಾನ್ ಇಡಿ. ಅಷ್ಟೂ ಸುರಿದರೂ ಉಪ್ಪಿನಂಶ 35 ಇದ್ದದ್ದು 32.8ಕ್ಕೆ ನಿಲ್ಲುತ್ತೆ, ಪ್ರಾಣಿಗಳು ತಡೆದುಕೊಳ್ಳುತ್ತವೆ.

ಕರೆಂಟ್ ಹೋದಾಗ ಮೊದಲು ಸಾಯಿಸೋದು ಬಿಸಿ ಅಲ್ಲ, ಆಮ್ಲಜನಕದ ಕೊರತೆ. ಲೈಟ್ ಬೇಡ, ಹೀಟರ್ ಬೇಡ, ಒಂದು ಡಿಸಿ ವೇವ್ ಪಂಪ್ ಮೇಲ್ಮೈ ಕದಡ್ತಾ ಇದ್ದರೆ ಸಾಕು. 12 ವೋಲ್ಟ್ 7 ಆಂಪಿಯರ್ ಅವರ್ ಬ್ಯಾಟರಿ 10 ವ್ಯಾಟ್ ಪಂಪನ್ನು ಐದಾರು ಗಂಟೆ ಓಡಿಸುತ್ತೆ. ಮನೆ ಇನ್ವರ್ಟರ್‌ಗೆ ಎಸಿ ಪಂಪ್ ಹಾಕೋದಾದರೆ ಅದು ಪ್ಯೂರ್ ಸೈನ್‌ವೇವ್ ಇರಲಿ, ಬೇರೆಯದ್ದಾದರೆ ಪಂಪ್ ಗುಂಯ್ ಅಂತ ಬಿಸಿಯಾಗುತ್ತೆ.

ಟ್ಯಾಂಕ್ ಕೆಳಗೆ ಸಂಪ್ (ಫಿಲ್ಟರ್ ಇರೋ ಎರಡನೇ ತೊಟ್ಟಿ) ಇದ್ದರೆ, ನೀರನ್ನು ಮೇಲೆ ತರೋ ರಿಟರ್ನ್ ಪೈಪಲ್ಲಿ ನೀರಿನ ಮಟ್ಟಕ್ಕಿಂತ ಸ್ವಲ್ಪವೇ ಕೆಳಗೆ ಒಂದು ತೂತು ಕೊರೆಯಿರಿ, ಪಂಪ್ ನಿಂತಾಗ ಸೈಫನ್ ಕಡಿಯುತ್ತೆ. ನಿಮ್ಮ ಅಳತೆಗೆ 2 ಸೆಂ.ಮೀ. ಇಳಿದರೂ 8 ಲೀಟರ್ ಕೆಳಗೆ ಬರುತ್ತೆ, ಸಂಪಲ್ಲಿ ಅಷ್ಟು ಜಾಗ ಖಾಲಿ ಬಿಡಿ. ಉಪ್ಪು ನೀರಿದು, 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕಡಿಯೋ ಸ್ವಿಚ್) ಇಲ್ಲದೆ ಕೈ ಹಾಕಬೇಡಿ. ವೈರ್ ಪ್ಲಗ್ಗಿಗಿಂತ ಕೆಳಗೆ ಜೋತುಬಿದ್ದು ಮತ್ತೆ ಮೇಲೆ ಹೋಗಲಿ, ಹನಿ ಆ ಬಾಗಿನಲ್ಲೇ ತೊಟ್ಟಿಕ್ಕುತ್ತೆ.

ಇನ್ನು ಹ್ಯಾಮರ್, ಟಾರ್ಚ್. ದಯವಿಟ್ಟು ತಗೋಬೇಡಿ ಸರ್. ಎರಡೂ ಗಟ್ಟಿ ಹವಳ, ಸ್ಕ್ಲೆರಾಕ್ಟೀನಿಯ ಗುಂಪು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಷೆಡ್ಯೂಲ್‌ಗೆ 2001ರಲ್ಲೇ ಸೇರಿವೆ, ಹುಲಿ ಆನೆ ಇರೋ ಪಟ್ಟಿ ಅದು. ಕರಿ ಹವಳ, ಫೈರ್ ಕೋರಲ್, ಆರ್ಗನ್ ಪೈಪ್, ಸೀ ಫ್ಯಾನ್, ಕಡಲ್ಗುದುರೆ ಕೂಡ ಹಾಗೇ. ಲೈವ್ ರಾಕ್ (ಜೀವಿಗಳು ಅಂಟಿರೋ ಕಡಲ ಕಲ್ಲು) ಅಂತ ಮಾರೋದೂ ಬಹುಪಾಲು ಹವಳದ ಅಸ್ಥಿಯೇ, ನೀವು ಸೆರಾಮಿಕ್ ಹಾಕಿದ್ದು ಒಳ್ಳೇದಾಯ್ತು. ಮಶ್ರೂಮ್, ಲೆದರ್, ಜೋವಾಂಥಸ್, ಜೀನಿಯಾ ಆ ಗುಂಪಿನವಲ್ಲ, ನಿಮ್ಮ ಟ್ಯಾಂಕ್ ಅವುಗಳಿಂದಲೇ ತುಂಬಿ ತೂಗಾಡುತ್ತೆ. ಬಿಲ್ ಇಲ್ಲದೆ ಏನೂ ಕೊಳ್ಳಬೇಡಿ.

ಜೋವಾಂಥಸ್ ತಂದರೆ ಕೈಗವಸು, ಕನ್ನಡಕ ಹಾಕಿಕೊಂಡೇ ಮುಟ್ಟಿ. ಕೆಲವದರಲ್ಲಿ ಪಾಲಿಟಾಕ್ಸಿನ್ ಅನ್ನೋ ಭಾರೀ ವಿಷ ಇರುತ್ತೆ. ಅದು ಅಂಟಿದ ಕಲ್ಲನ್ನು ಯಾವತ್ತೂ ಕುದಿಸಬೇಡಿ, ಆವಿಯಲ್ಲಿ ಉಸಿರಿಗೆ ಹೋಗುತ್ತೆ.

ಕೋಲಾರ_3ಅಡಿ:
ತುಂಬಾ ಧನ್ಯವಾದ ಎಲ್ರಿಗೂ. ಹ್ಯಾಮರ್ ಬೇಡ ಅಂತ ಹೇಳಿಬಿಡ್ತೀನಿ. ಕುಲುಕಿ ಸೋಸಿ ನೋಡಿದೆ, ಎಳೆ ಕಟ್ಟಲಿಲ್ಲ, ಪುಡಿ ತಳಕ್ಕೆ ಕೂತಿತು. ಆರ್‌ಒ ನೀರಲ್ಲೇ ನೈಟ್ರೇಟ್ 15 ಇದೆ! ಹೊಸ ನೀರು ಸಿದ್ಧವಾದ ಮೇಲೆ ಒಂದೇ ದಿನ ಅರ್ಧ ಬದಲಾಯಿಸಲಾ?

ಬಂಗಾರಪೇಟೆ_ಉಪ್ಪುನೀರು:
ಬೇಡ. ವಾರಕ್ಕೆ 30 ಲೀಟರ್‌ನಂತೆ ನಾಲ್ಕು ವಾರ ಮಾಡಿ, ಸುಮಾರು 60% ಹೊಸದಾಗುತ್ತೆ. ಆಮೇಲೆ ವಾರಕ್ಕೆ 15 ಲೀಟರ್. ಲೀಟರಿಗೆ 36–38 ಗ್ರಾಂ ಉಪ್ಪು, ಪಂಪ್ ಓಡ್ತಿರೋ ನೀರಿಗೆ ಉಪ್ಪನ್ನು ಸ್ವಲ್ಪ ಸ್ವಲ್ಪವೇ ಸುರಿಯಿರಿ. ಉಪ್ಪಿನ ರಾಶಿ ಮೇಲೆ ನೀರು ಹೊಯ್ದರೆ ಕ್ಯಾಲ್ಸಿಯಂ ಬಿಳಿ ಹಿಟ್ಟಾಗಿ ತಳ ಹಿಡಿಯುತ್ತೆ. ಉಪ್ಪಿನಂಶ ಅಳೆಯೋ ರಿಫ್ರಾಕ್ಟೋಮೀಟರನ್ನು ಬರೀ ನೀರಲ್ಲಿ ಅಲ್ಲ, 35ರ ಕ್ಯಾಲಿಬ್ರೇಷನ್ ದ್ರಾವಣದಲ್ಲಿ ಸರಿಪಡಿಸಿಕೊಳ್ಳಿ. ಮೃದು ಹವಳಕ್ಕೆ ಬೇರೆ ಡೋಸಿಂಗ್ (ಖನಿಜ ಸೇರಿಸೋದು) ಏನೂ ಬೇಕಿಲ್ಲ, ಆಲ್ಕಲಿನಿಟಿ (ನೀರಿನ ಆಮ್ಲ ತಡೆಯೋ ಶಕ್ತಿ) 8–9 ಡಿಕೆಎಚ್‌ನಲ್ಲಿ ನಿಲ್ತಿದೆಯಾ ಅಂತ ವಾರಕ್ಕೊಮ್ಮೆ ನೋಡಿ. ನೈಟ್ರೇಟ್ 10ರ ಹತ್ತಿರ ಬಂದ ಮೇಲೆ ಅಲ್ಲೇ ಬಿಡಿ, ಲೆದರ್‌ಗೆ ಅದು ಊಟ.