ಜನರ ಜೊತೆ ಸೇರಿ ಸಂಶೋಧನೆ: ಪಿಎಚ್‌ಡಿ ವಿದ್ಯಾರ್ಥಿಗಳನ್ನು ಹೇಗೆ ತಯಾರು ಮಾಡಬೇಕು?

ಮೂರನೇವರ್ಷ ಬರೆದದ್ದು:

ಎಲ್ಲರಿಗೂ ನಮಸ್ಕಾರ. ನಾನು ಪಿಎಚ್‌ಡಿ ಮೂರನೇ ವರ್ಷದಲ್ಲಿದ್ದೇನೆ. ವಿಷಯ ಕುಡಿಯುವ ನೀರಿನ ಗುಣಮಟ್ಟ. ನಮ್ಮ ವಿಭಾಗದಲ್ಲಿ ಒಂದು ಹೊಸ ಕೋರ್ಸ್ ಶುರು ಮಾಡುತ್ತಾರಂತೆ. ಸಮುದಾಯದ ಜೊತೆ ಸೇರಿ ಸಂಶೋಧನೆ ಮಾಡುವುದು ಹೇಗೆ, ಆಮೇಲೆ ಅದರಲ್ಲೇ ಕೆಲಸ ಹಿಡಿಯುವುದು ಹೇಗೆ ಅಂತ. ಸಮಿತಿಯಲ್ಲಿ ಒಬ್ಬ ವಿದ್ಯಾರ್ಥಿಯೂ ಇರಲಿ ಅಂತ ನನ್ನನ್ನು ಹಾಕಿದ್ದಾರೆ. ಕರಡು ನೋಡಿದೆ. 14 ವಾರದಲ್ಲಿ 12 ವಾರ ಥಿಯರಿ, ಒಂದು ವಾರ ಫೀಲ್ಡ್ ವಿಸಿಟ್, ಕೊನೆಗೆ ಪ್ರೆಸೆಂಟೇಶನ್. ನನಗೆ ಏನೋ ಸರಿ ಕಾಣಲಿಲ್ಲ. ಏನು ಅಂತ ಸಭೆಯಲ್ಲಿ ಬಾಯಿಬಿಟ್ಟು ಹೇಳಲೂ ಆಗಲಿಲ್ಲ.

ಹೋದ ತಿಂಗಳು ನಡೆದದ್ದು ಹೇಳುತ್ತೇನೆ. ನಾನು 62 ಕೊಳವೆ ಬಾವಿಗಳ ನೀರು ಪರೀಕ್ಷೆ ಮಾಡಿದ್ದೆ. ಆಗ ಬಾಟಲಿಗಳಿಗೆ ಚೀಟಿ ಅಂಟಿಸಿಕೊಟ್ಟ ಒಬ್ಬ ತಾಯಿ ಈ ಸಲ ದಾರಿಯಲ್ಲೇ ನಿಲ್ಲಿಸಿದರು. "ನಮ್ಮದು 17ನೇ ನಂಬರು. ಏನು ಬಂತಮ್ಮ?"

ಉತ್ತರ ನನ್ನ ಲ್ಯಾಪ್‌ಟಾಪಿನಲ್ಲಿ ಬಂದು ಕೂತು ಏಳು ತಿಂಗಳಾಗಿತ್ತು. ಲೀಟರಿಗೆ 2.8 ಮಿಲಿಗ್ರಾಂ ಫ್ಲೋರೈಡ್. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 1.5. ಪೇಪರ್ ಒಪ್ಪಿಗೆ ಆಗುವ ತನಕ ಯಾರಿಗೂ ಅಂಕಿ ಕೊಡಬೇಡ ಅಂತ ನಮ್ಮ ಗೈಡ್ ಹೇಳಿದ್ದರು. "ಇನ್ನೂ ನೋಡ್ತಾ ಇದ್ದೀವಿ" ಅಂದುಬಿಟ್ಟೆ. ಅವರು ಸುಮ್ನೆ ನಕ್ಕು, "ಹೇಗೂ ಕುದಿಸಿ ಕುಡೀತೀವಿ, ಏನೂ ಆಗಲ್ಲ ಅಲ್ವಾ?" ಅಂದರು. ನಾನು ತಲೆಯಾಡಿಸಿ ಬಂದೆ.

ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದು ಜಾಸ್ತಿಯೇ ಆಗುತ್ತದೆ. ಇದು ನನಗೆ ಚೆನ್ನಾಗಿ ಗೊತ್ತಿತ್ತು.

ನನ್ನ ಪ್ರಶ್ನೆ ಎರಡು. ಇಂಥ ಹೊತ್ತಿಗೆ ನನ್ನಂಥವರನ್ನು ತಯಾರು ಮಾಡಬೇಕಾದರೆ ಕೋರ್ಸಿನಲ್ಲಿ ಏನಿರಬೇಕು? ಮತ್ತೆ, ಈ ದಾರಿ ಹಿಡಿದರೆ ನೌಕರಿಗೆ ಸಹಾಯವಾಗುತ್ತದಾ, ಇಲ್ಲ ಪೇಪರ್ ಕಡಿಮೆಯಾಗಿ ಹೊಡೆತವೇ ಬೀಳುತ್ತದಾ?

---

ಲ್ಯಾಬ್‌ವಾಸಿ:

ಕಹಿ ಅನ್ನಿಸಬಹುದು, ಆದರೂ ಹೇಳುತ್ತೇನೆ. ಮೊದಲು ಥೀಸಿಸ್ ಮುಗಿಸಿ. ಡಿಗ್ರಿ ಕೈಗೆ ಬರದೆ ನಿಮ್ಮಿಂದ ಯಾರಿಗೂ ಏನೂ ಉಪಯೋಗವಿಲ್ಲ. ಪ್ರಾಧ್ಯಾಪಕ ಹುದ್ದೆಗೆ ಅರ್ಜಿ ಹಾಕಿದಾಗ ಎಷ್ಟು ಪೇಪರ್, ಎಲ್ಲಿ ಬಂದಿದೆ ಅಂತ ನೋಡುತ್ತಾರೆ. ಎಷ್ಟು ಮನೆಗೆ ಹೋಗಿ ಮಾತಾಡಿದಿರಿ ಅಂತ ಯಾರೂ ಕೇಳಲ್ಲ. ಗೈಡ್ ಹೇಳಿದ್ದರಲ್ಲಿ ಅರ್ಥವಿದೆ. ವಿಮರ್ಶಕರ ಕಣ್ಣಿಗೆ ಬೀಳುವ ಮುಂಚೆ ಅಂಕಿ ಹೊರಬಿದ್ದು, ಆಮೇಲೆ ತಪ್ಪು ಅಂತಾದರೆ?

---

ಸವೆದಚಪ್ಪಲಿ:

ಮೂರನೇವರ್ಷ ಅವರೇ, ಕೋರ್ಸಿನ ಮಾತು ಆಮೇಲೆ. ಮೊದಲು 17ನೇ ನಂಬರಿನವರಿಗೆ ಹೇಳಿ. ನಾಳೆಯೇ.

ಗೈಡ್ ಒಪ್ಪಬೇಕಲ್ಲ ಅನ್ನುತ್ತೀರಿ. ನೀರು ಕೊಟ್ಟವರಿಗೆ ಅವರ ನೀರಿನ ಫಲಿತಾಂಶ ತಿಳಿಸುವುದೇ ಬೇರೆ, ಜಗತ್ತಿಗೆ ಪ್ರಕಟಿಸುವುದೇ ಬೇರೆ. ಹೀಗೆ ತಿಳಿಸಿದರೆ ಪೇಪರಿಗೆ ತೊಂದರೆಯಾದೀತು ಅನ್ನುವ ಅನುಮಾನವಿದ್ದರೆ ಜರ್ನಲ್ ಸಂಪಾದಕರಿಗೆ ಎರಡು ಸಾಲಿನ ಮೇಲ್ ಹಾಕಿ. ಸಾರ್ವಜನಿಕ ಆರೋಗ್ಯದ ತುರ್ತು ಇದ್ದಾಗ ಮಾಹಿತಿಯನ್ನು ತಕ್ಷಣ ಹಂಚಿ, ಅದರಿಂದ ಪ್ರಕಟಣೆಗೆ ಅಡ್ಡಿಯಾಗಬಾರದು ಅಂತ ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯೇ ಬರೆದಿಟ್ಟಿದೆ. ನಿಮ್ಮದು ಆ ಅರ್ಥದ ತುರ್ತು ಅಲ್ಲದಿರಬಹುದು. ಆದರೆ ಗೈಡ್ ಜೊತೆ ಮಾತು ಶುರು ಮಾಡಲು ಅದು ಸಾಕು. ಲ್ಯಾಬ್‌ವಾಸಿಯವರ ಭಯಕ್ಕೂ ದಾರಿ ಇದೆ: ಇನ್ನೊಂದು ಸಲ ಸ್ಯಾಂಪಲ್ ತೆಗೆದು ಖಚಿತ ಮಾಡಿಕೊಳ್ಳಿ. ಅದಕ್ಕೆ ಏಳು ತಿಂಗಳು ಬೇಡ.

ನಾನು ಯಾರು ಅಂತ ಹೇಳಿಬಿಡುತ್ತೇನೆ. ಪಿಎಚ್‌ಡಿ ಮುಗಿಸಿ 11 ವರ್ಷವಾಯಿತು. ಆರೋಗ್ಯದ ವಿಷಯದಲ್ಲಿ ಕೆಲಸ ಮಾಡುವ ಒಂದು ಸಣ್ಣ ಸಂಸ್ಥೆಯಲ್ಲಿದ್ದೇನೆ. ಹೊಸಬರನ್ನು ತೆಗೆದುಕೊಳ್ಳುವಾಗ ಸಂದರ್ಶನಕ್ಕೆ ಕೂರುವುದೂ ನಾನೇ. ವಿದ್ಯಾರ್ಥಿಯಾಗಿದ್ದಾಗ ನಿಮ್ಮ ಹಾಗೇ ತಲೆಯಾಡಿಸಿ ಬಂದಿದ್ದೇನೆ, ಒಂದಲ್ಲ ಹಲವು ಸಲ. ಒಂದು ಕಡೆ ಎರಡು ವರ್ಷ ಓಡಾಡಿ, ಡಿಗ್ರಿ ಸಿಕ್ಕ ಮೇಲೆ ಅತ್ತ ತಲೆಹಾಕಲಿಲ್ಲ. ಆ ದಾರಿಯಲ್ಲಿ ಬಸ್ಸು ಹೋದರೆ ಈಗಲೂ ಕಿಟಕಿಯಿಂದ ಮುಖ ತಿರುಗಿಸುತ್ತೇನೆ.

ನಿಮ್ಮ ಕರಡಿನಲ್ಲಿ ಸರಿ ಕಾಣದ್ದು ಏನು ಅಂದರೆ, ಜನ 13ನೇ ವಾರದಲ್ಲಿ ಬರುತ್ತಾರೆ. ಅಷ್ಟೊತ್ತಿಗೆ ಪ್ರಶ್ನೆ, ವಿಧಾನ, ವೇಳಾಪಟ್ಟಿ ಎಲ್ಲ ಗಟ್ಟಿಯಾಗಿರುತ್ತದೆ. ಉಳಿಯುವುದು ಸಹಿ ಹಾಕಿಸುವುದು ಮಾತ್ರ. ಶೆರಿ ಆರ್ನ್‌ಸ್ಟೈನ್ 1969ರಲ್ಲಿ ಜನರ ಪಾಲ್ಗೊಳ್ಳುವಿಕೆಯನ್ನು 8 ಮೆಟ್ಟಿಲಿನ ಏಣಿಯಾಗಿ ಬರೆದರು. ತೀರಾ ಕೆಳಗಿನದು ಜನರನ್ನು ಬೇಕಾದ ಹಾಗೆ ಆಡಿಸುವುದು, ಮಧ್ಯದಲ್ಲಿ ಅಭಿಪ್ರಾಯ ಕೇಳಿ ಸುಮ್ಮನಾಗುವುದು, ತುದಿಯಲ್ಲಿ ಅಧಿಕಾರವೇ ಜನರ ಕೈಗೆ. ಮೊದಲ ವಾರವೇ ಪ್ರತಿ ವಿದ್ಯಾರ್ಥಿಯೂ ತನ್ನ ಪ್ರಾಜೆಕ್ಟ್ ಯಾವ ಮೆಟ್ಟಿಲಲ್ಲಿದೆ ಅಂತ ಗುರುತು ಹಾಕಲಿ. ನಾಚಿಕೆಯಾಗುತ್ತದೆ, ಆಗಲಿ.

ಎಥಿಕ್ಸ್ ಕಮಿಟಿಯ ಒಪ್ಪಿಗೆ ಇದೆಯಲ್ಲ, ಸಾಕಲ್ವಾ ಅಂತ ಕೇಳುವವರು ಇದ್ದೇ ಇರುತ್ತಾರೆ. ಸಾಲದು. ಆ ಕಮಿಟಿ ನೋಡುವ ನಿಯಮಗಳ ಹಿಂದೆ ಇರುವುದು ಮನುಷ್ಯರ ಮೇಲಿನ ಸಂಶೋಧನೆಗೆ ನೀತಿ ಹೇಳುವ, ಅಮೆರಿಕದ 1979ರ ಬೆಲ್‌ಮಾಂಟ್ ವರದಿಯಂಥ ದಾಖಲೆಗಳು. ಅಲ್ಲಿ ಕಣ್ಣಿರುವುದು ಒಬ್ಬೊಬ್ಬ ವ್ಯಕ್ತಿಯ ಮೇಲೆ. ಒಂದು ಇಡೀ ಕೇರಿಯ ಹೆಸರು ಕೆಟ್ಟರೆ, ಅವರ ಡೇಟಾ ಯಾರದೋ ಕಂಪ್ಯೂಟರಿನಲ್ಲಿ ಉಳಿದರೆ, ಅದಕ್ಕೆ ಅಲ್ಲಿ ಸರಿಯಾದ ಉತ್ತರವಿಲ್ಲ. ಉತ್ತರ ಬಂದದ್ದು ಅನುಭವಿಸಿದವರಿಂದಲೇ. ಕೆನಡಾದ ಮೂಲನಿವಾಸಿಗಳು 1998ರಲ್ಲಿ ಡೇಟಾದ ಒಡೆತನ, ಹಿಡಿತ, ನೋಡುವ ಹಕ್ಕು, ಇಟ್ಟುಕೊಳ್ಳುವ ಹಕ್ಕು ನಾಲ್ಕೂ ನಮ್ಮದು ಅಂದರು. ದಕ್ಷಿಣ ಆಫ್ರಿಕಾದ ಮೂಲನಿವಾಸಿಗಳಾದ ಸಾನ್ ಜನ 2017ರಲ್ಲಿ ಸಂಶೋಧಕರಿಗಾಗಿ ತಮ್ಮದೇ ನೀತಿಸಂಹಿತೆ ಹೊರಡಿಸಿದರು. ಇವೆರಡನ್ನೂ ತರಗತಿಯಲ್ಲಿ ಗಟ್ಟಿಯಾಗಿ ಓದಿಸಿ.

ಓದಿದ ಮೇಲೆ ಒಂದು ಪುಟದ ಒಪ್ಪಂದ ಬರೆಯುವುದನ್ನು ಕಲಿಸಿ. ಕೋರ್ಸಿನಲ್ಲಿ ಬೇರೆ ಏನು ಬಿಟ್ಟರೂ ಇದನ್ನು ಬಿಡಬೇಡಿ. ಫಲಿತಾಂಶ ಎಷ್ಟು ದಿನದೊಳಗೆ, ಯಾರ ಕೈಗೆ? ಡೇಟಾ ಯಾರ ಹತ್ತಿರ ಇರುತ್ತದೆ? ಜನ ನಡುವೆ ಬೇಡ ಅಂದರೆ ಏನು? ಅವರ ಸಮಯಕ್ಕೆ ಬಜೆಟ್‌ನಲ್ಲಿ ದುಡ್ಡು ಇದೆಯಾ? ವಿದ್ಯಾರ್ಥಿ ಓದು ಮುಗಿಸಿ ಹೋದ ಮೇಲೆ ಫೋನ್ ಎತ್ತುವವರು ಯಾರು? ಇಂಥದ್ದೊಂದು ಹಾಳೆ ನಿಮ್ಮ ಹತ್ತಿರ ಇದ್ದಿದ್ದರೆ, ಗೈಡ್ ಮಾತಿಗೂ ಆ ತಾಯಿಯ ಪ್ರಶ್ನೆಗೂ ನಡುವೆ ನೀವೊಬ್ಬರೇ ಸಿಕ್ಕಿಹಾಕಿಕೊಳ್ಳುತ್ತಿರಲಿಲ್ಲ.

ಇನ್ನು ಫಲಿತಾಂಶ ಹೇಳುವ ಅಭ್ಯಾಸ. ನಾಲ್ಕೇ ವಾಕ್ಯ: ಏನು ಸಿಕ್ಕಿತು, ಅದರಿಂದ ಏನಾಗಬಹುದು, ಈಗ ಏನು ಮಾಡಬಹುದು, ಯಾವುದು ನಮಗೆ ಇನ್ನೂ ಗೊತ್ತಿಲ್ಲ. ಒಬ್ಬರು ಹೇಳಬೇಕು, ಕೇಳಿದವರು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ನಮ್ಮಲ್ಲಿಗೆ ಬರುವ ಡಾಕ್ಟರೇಟುಗಳಲ್ಲಿ ಹೆಚ್ಚಿನವರು ಎರಡನೇ ವಾಕ್ಯದಲ್ಲೇ ಎಡವುತ್ತಾರೆ. "ಸಹಸಂಬಂಧ" ಅಂತ ಶುರು ಮಾಡಿದರೆ ಎದುರಿನವರು ಗಡಿಯಾರ ನೋಡುತ್ತಾರೆ.

14 ವಾರದಲ್ಲಿ ನಂಬಿಕೆ ಹುಟ್ಟುವುದಿಲ್ಲ, ಅದು ನಿಜ. ಅದಕ್ಕೇ ಸಂಬಂಧ ವಿಭಾಗದ ಹೆಸರಲ್ಲಿರಬೇಕು, ಬಂದುಹೋಗುವ ವಿದ್ಯಾರ್ಥಿಯ ಹೆಸರಲ್ಲಲ್ಲ. ನೆದರ್ಲೆಂಡ್ಸ್ ವಿಶ್ವವಿದ್ಯಾಲಯಗಳಲ್ಲಿ 1970ರ ದಶಕದಲ್ಲಿ 'ವಿಜ್ಞಾನದ ಅಂಗಡಿ'ಗಳು ಶುರುವಾದವು. ಪ್ರಶ್ನೆ ತರುವುದು ಜನ, ಸಂಘಗಳು. ಉತ್ತರ ಹುಡುಕುವುದು ವಿದ್ಯಾರ್ಥಿಗಳು, ಮೇಲ್ವಿಚಾರಣೆ ಮೇಷ್ಟ್ರದು. ವಿದ್ಯಾರ್ಥಿಗಳು ಬದಲಾದರೂ ಅಂಗಡಿ ಬಾಗಿಲು ತೆರೆದೇ ಇರುತ್ತದೆ.

ನೌಕರಿ ವಿಷಯಕ್ಕೆ ಬಂದರೆ ಲ್ಯಾಬ್‌ವಾಸಿಯವರ ಮಾತು ಪೂರ್ತಿ ಸುಳ್ಳಲ್ಲ. ಅಮೆರಿಕದ ಶಿಕ್ಷಣತಜ್ಞ ಅರ್ನೆಸ್ಟ್ ಬೋಯರ್ 1990ರಲ್ಲೇ ವಿದ್ವತ್ತು ಅಂದರೆ ಹೊಸದನ್ನು ಕಂಡುಹಿಡಿಯುವುದು ಮಾತ್ರವಲ್ಲ, ಬೇರೆ ಬೇರೆ ಜ್ಞಾನವನ್ನು ಜೋಡಿಸುವುದು, ಬಳಕೆಗೆ ತರುವುದು, ಕಲಿಸುವುದೂ ಹೌದು ಅಂದಿದ್ದರು. ಪೇಪರ್ ಬಂದ ಜರ್ನಲ್ಲಿನ ಇಂಪ್ಯಾಕ್ಟ್ ಫ್ಯಾಕ್ಟರ್ (ಅದರ ಲೇಖನಗಳನ್ನು ಬೇರೆಯವರು ಸರಾಸರಿ ಎಷ್ಟು ಸಲ ಉಲ್ಲೇಖಿಸುತ್ತಾರೆ ಅನ್ನುವ ಅಂಕಿ) ಹಿಡಿದು ಮನುಷ್ಯರನ್ನು ಅಳೆಯಬೇಡಿ ಅಂತ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 2012ರಲ್ಲಿ ರೂಪುಗೊಂಡ ಘೋಷಣೆಗೆ ಎಷ್ಟೋ ಸಂಸ್ಥೆಗಳು ಸಹಿ ಹಾಕಿವೆ. ಆದರೂ ಆಯ್ಕೆ ಸಮಿತಿಯ ಕೋಣೆಯಲ್ಲಿ ಲೆಕ್ಕ ಹಾಕುವ ಬೆರಳು ಅಷ್ಟು ಬೇಗ ನಿಲ್ಲುವುದಿಲ್ಲ. ಅದಕ್ಕೆ ಮಾಡಿದ್ದೆಲ್ಲದಕ್ಕೂ ದಾಖಲೆ ಇಟ್ಟುಕೊಳ್ಳಿ. ಆ ಒಪ್ಪಂದದ ಹಾಳೆ, ಸಭೆಯ ಟಿಪ್ಪಣಿ, ನೀವು ಮಾಡಿದ ಕರಪತ್ರ, ನಿಮ್ಮಿಂದ ಏನು ಬದಲಾಯಿತು ಅಂತ ಸಂಘದವರೇ ಬರೆದ ಪತ್ರ.

ನಾನು ಸಂದರ್ಶನದಲ್ಲಿ ಒಂದೇ ಪ್ರಶ್ನೆ ತಪ್ಪದೆ ಕೇಳುತ್ತೇನೆ: "ಜನ ಹೇಳಿದ್ದಕ್ಕೆ ನಿಮ್ಮ ಸಂಶೋಧನೆಯಲ್ಲಿ ಏನನ್ನು ಬದಲಾಯಿಸಿದಿರಿ?" ಉತ್ತರ ಇಲ್ಲದವರು ಜಾಸ್ತಿ.

ಇನ್ನೊಂದು, ಮರೆತೇಬಿಡುತ್ತಿದ್ದೆ. ಚೀಟಿ ಅಂಟಿಸಿದವರ ಹೆಸರು ಪೇಪರಿನಲ್ಲಿ ಬರುತ್ತದಾ? ಬರೀ ಚೀಟಿ ಅಂಟಿಸಿದ್ದಾದರೆ ಕೃತಜ್ಞತೆಯ ಸಾಲು ಸಾಕು. ಆದರೆ ಯಾವ ಬಾವಿ ಯಾವಾಗ ಬತ್ತುತ್ತದೆ, ಎಲ್ಲಿಂದ ಸ್ಯಾಂಪಲ್ ತೆಗೆಯಬೇಕು ಅಂತ ಅವರೇ ನಿರ್ಧಾರಕ್ಕೆ ಸಹಾಯ ಮಾಡಿದ್ದರೆ ಸಹಲೇಖಕರಾಗುವ ಅರ್ಹತೆಗೆ ಅದು ಮೊದಲ ಹೆಜ್ಜೆ. ಸಹಲೇಖಕರು ಪೇಪರಿನ ಕರಡು ಬರೆದಿರಬೇಕು ಇಲ್ಲ ತಿದ್ದಿರಬೇಕು ಅನ್ನುವ ಜರ್ನಲ್‌ಗಳ ನಿಯಮ ಅಡ್ಡ ಬರುತ್ತದೆ. ನಾವು ಕರಡನ್ನು ಅವರ ಭಾಷೆಯಲ್ಲಿ ಓದಿ ಹೇಳಿ, ಅವರು ಹೇಳಿದ ತಿದ್ದುಪಡಿ ಬರೆದುಕೊಳ್ಳುತ್ತೇವೆ. ತಿದ್ದಲು ಪೆನ್ನೇ ಹಿಡಿಯಬೇಕು ಅಂತೇನಿಲ್ಲವಲ್ಲ.

---

ಸಂಘದ_ಕಾರ್ಯದರ್ಶಿ:

ನಾನು ಪಿಎಚ್‌ಡಿಯವನಲ್ಲ. ಮಗಳು ಈ ಪ್ರಶ್ನೆ ತೋರಿಸಿದಳು, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮ ಸಂಘಕ್ಕೆ ಇಲ್ಲಿವರೆಗೆ ಐದು ಜನ ಸಂಶೋಧನೆ ಅಂತ ಬಂದಿದ್ದಾರೆ. ಎಲ್ಲರೂ ಒಳ್ಳೆಯವರೇ. ಎಲ್ಲರೂ ಮನೆಯಲ್ಲಿ ಎಷ್ಟು ಜನ, ಶೌಚಾಲಯ ಇದೆಯಾ ಅಂತ ಅದನ್ನೇ ಕೇಳಿದರು. ಐದನೆಯವನಿಗೆ ನಾನು, "ನಾಲ್ಕನೆಯವರ ಹತ್ತಿರ ಇಸ್ಕೊಳ್ಳಪ್ಪ" ಅಂದೆ. ಅವರು ಯಾರು ಅಂತಲೇ ಅವನಿಗೆ ಗೊತ್ತಿರಲಿಲ್ಲ.

ಕೋರ್ಸ್ ಮಾಡುವುದಾದರೆ ನಮ್ಮಂಥವರನ್ನೂ ಪಾಠ ಮಾಡಲು ಕರೆಯಿರಿ. ಭಾಷಣಕ್ಕಲ್ಲ. ಮಾರ್ಕ್ಸ್ ಹಾಕುವುದಕ್ಕೆ.

---

ಮೂರನೇವರ್ಷ:

ಎಲ್ಲರಿಗೂ ಥ್ಯಾಂಕ್ಸ್. ತಡವಾಗಿ ಬರೆಯುತ್ತಿದ್ದೇನೆ.

ಗೈಡ್ ಹತ್ತಿರ ಹೋದೆ. ಮೊದಲು ಸಿಟ್ಟಾದರು. ಎರಡು ದಿನ ಬಿಟ್ಟು ಅವರೇ ಕರೆದು, "ಮತ್ತೆ ಸ್ಯಾಂಪಲ್ ತೆಗಿ, ಅದೇ ಅಂಕಿ ಬಂದರೆ ಹೇಳು" ಅಂದರು. ಮತ್ತೆ ತೆಗೆದೆ, 2.7 ಬಂತು. ನಾಲ್ಕು ವಾಕ್ಯ ಬರೆದುಕೊಂಡು ಹೋದೆ. ಮೊದಲೇ ಹೇಳದ್ದಕ್ಕೆ ತಪ್ಪಾಯಿತು ಅಂದೆ, ಅದು ಐದನೇ ವಾಕ್ಯ. ಕುದಿಸಿದರೆ ಹೋಗಲ್ಲ ಅಂದಾಗ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ.

"ಹಾಗಾದರೆ ಪಕ್ಕದ 18ನೇ ನಂಬರು ಎಷ್ಟು ಬಂತು? ಅಲ್ಲಿಂದ ತರಬಹುದಾ?"

18 ನನಗೆ ಬಾಯಿಪಾಠ ಇತ್ತು: 0.9. ಆದರೆ ಅದು ಇನ್ನೊಬ್ಬರ ಬಾವಿ, ಅವರನ್ನು ಕೇಳದೆ ಹೇಳುವ ಹಾಗಿಲ್ಲ. ಅದನ್ನೇ ಹೇಳಿದೆ. "ಅಷ್ಟೇನಾ, ಬಾ ಕೇಳೋಣ" ಅಂತ ಚಪ್ಪಲಿ ಮೆಟ್ಟಿಕೊಂಡು ಅವರೇ ಮುಂದೆ ಹೊರಟರು.

ಸಮಿತಿ ಸಭೆ ಗುರುವಾರ ಇದೆ. ಒಪ್ಪಂದದ ಹಾಳೆಯನ್ನು ಮೊದಲ ವಾರಕ್ಕೆ ತರಬೇಕು ಅಂತ ಬರೆದು ಕೊಟ್ಟಿದ್ದೇನೆ. ಮಾರ್ಕ್ಸ್ ವಿಷಯಕ್ಕೆ ದೊಡ್ಡ ಜಗಳ ಆಗುತ್ತೆ ಅನ್ನಿಸುತ್ತಿದೆ. ಕಾರ್ಯದರ್ಶಿಯವರೇ, ನೂರಕ್ಕೆ ಎಷ್ಟು ನಿಮ್ಮ ಕೈಯಲ್ಲಿರಬೇಕು ಅಂತ ಹೇಳಿ. ಚೌಕಾಸಿಗೆ ಒಂದು ಅಂಕಿ ಬೇಕು.