ಎಲ್ಲರೂ ಒಳ್ಳೇ ನಟರೇ, ಆದರೂ ನಾಟಕ ಯಾಕೆ ಕೂಡಿ ಬರುತ್ತಿಲ್ಲ?

ರಂಗದಹುಚ್ಚು:
ನಮ್ಮದು ಹನುಮಂತನಗರದ ಹವ್ಯಾಸಿ ತಂಡ. ಆಫೀಸ್ ಮುಗಿಸಿ ಸಂಜೆ ತಾಲೀಮು, ಮುಂದಿನ ತಿಂಗಳು ಕೆ.ಎಚ್. ಕಲಾಸೌಧದಲ್ಲಿ ಶೋ. ಈ ಸಲ ಬೇರೆ ಬೇರೆ ತಂಡಗಳಲ್ಲಿ ಮುಖ್ಯ ಪಾತ್ರ ಮಾಡಿ ಹೆಸರು ಮಾಡಿದವರನ್ನೇ ಸೇರಿಸಿದ್ದೇವೆ. ಒಬ್ಬೊಬ್ಬರನ್ನೇ ನೋಡಿದರೆ ಮೈ ಜುಂ ಅನ್ನುತ್ತೆ, ಒಟ್ಟಿಗೆ ನಿಂತರೆ ದೃಶ್ಯ ಸಪ್ಪೆ. ಹೋದ ವರ್ಷ ಅರ್ಧಕ್ಕರ್ಧ ಹೊಸಬರಿದ್ದ ನಾಟಕವೇ ಇದಕ್ಕಿಂತ ಚೆನ್ನಾಗಿತ್ತು. ಜಗಳ ಗಿಗಳ ಏನೂ ಇಲ್ಲ, ಎಲ್ಲರೂ ಟೈಮಿಗೆ ಬರುತ್ತಾರೆ. ಎಲ್ಲಿ ಎಡವುತ್ತಿದ್ದೇವೆ?

ಚಿನ್ನಸ್ವಾಮಿ ಸ್ಟ್ಯಾಂಡ್:
ಆರ್‌ಸಿಬಿ ನೋಡಿಕೊಂಡು ಬಂದವರಿಗೆ ಈ ನೋವು ಚೆನ್ನಾಗಿ ಗೊತ್ತು. 2016ರಲ್ಲಿ ಕೊಹ್ಲಿ ಒಬ್ಬರೇ 973 ರನ್ ಹೊಡೆದರು, ಜೊತೆಗೆ ಗೇಲ್, ಡಿವಿಲಿಯರ್ಸ್. ಫೈನಲ್ ನಮ್ಮೂರಲ್ಲೇ. 209 ಬೆನ್ನಟ್ಟುವಾಗ ಗೇಲ್ ಮತ್ತು ಕೊಹ್ಲಿ ಮೊದಲ ವಿಕೆಟ್‌ಗೇ 114 ಸೇರಿಸಿದರೂ ಕೊನೆಗೆ 8 ರನ್‌ಗಳಿಂದ ಸೋತೆವು. ಮೇಲಿನ ಮೂವರು ಔಟಾದರೆ ಎದೆ ಧಸಕ್ ಅನ್ನೋ ತಂಡ ಅದು. ಕಪ್ ಗೆದ್ದ 2025ರ ಸೀಸನ್ ನೋಡಿ, ಬೇರೆ ಬೇರೆ 9 ಜನರಿಗೆ ಪಂದ್ಯಶ್ರೇಷ್ಠ ಬಂತು. ಫೈನಲ್‌ನಲ್ಲಿ ಆಟ ತಿರುಗಿಸಿದ್ದು ಕೃಣಾಲ್ ಪಾಂಡ್ಯ, 4 ಓವರ್‌ಗೆ ಬರೀ 17 ರನ್, 2 ವಿಕೆಟ್. ನಿಮ್ಮ ತಂಡದಲ್ಲಿ ಆ ನಾಲ್ಕು ಓವರ್ ಹಾಕುವವರು ಯಾರು?

ರಂಗದಹುಚ್ಚು:
ಅಂಥ ಕೆಲಸ ಎಲ್ಲ ಸೇರಿ ಮಾಡ್ಕೋತೀವಿ ಸರ್. ರಂಗಸಜ್ಜಿಕೆ, ಪ್ರಾಪರ್ಟಿ ಅಂದರೆ ದೃಶ್ಯಕ್ಕೆ ಬೇಕಾದ ಸಾಮಾನು, ಎಲ್ಲಾ.

ಗಾಂಧಿಬಜಾರ್ ಕಾಫಿ:
ಎಲ್ಲರ ಕೆಲಸ ಅಂದರೆ ಯಾರ ಕೆಲಸವೂ ಅಲ್ಲ, ಅಲ್ವಾ? ಫ್ರಾನ್ಸಿನ ಕೃಷಿ ಎಂಜಿನಿಯರ್ ರಿಂಗಲ್‌ಮನ್ ಅಂತ ಒಬ್ಬರಿದ್ದರು. ಜನರಿಂದ ಹಗ್ಗ ಎಳೆಸಿ ಅಳತೆ ಮಾಡಿದರು, 1913ರಲ್ಲಿ ಪ್ರಕಟಿಸಿದರು. ಎಂಟು ಜನ ಒಟ್ಟಿಗೆ ಎಳೆದಾಗ ತಲಾ ಬಲ ಒಂಟಿಯಾಗಿ ಎಳೆದಾಗಿನ ಸುಮಾರು ಅರ್ಧಕ್ಕೆ ಇಳಿದಿತ್ತು. ಪಕ್ಕದವರು ಎಳೆಯುತ್ತಾರೆ ಬಿಡು ಅನ್ನೋ ಸಡಿಲ ಒಂದು ಕಾರಣ. ಇನ್ನೊಂದು, ಎಲ್ಲರೂ ಒಂದೇ ಕ್ಷಣಕ್ಕೆ ಎಳೆಯುವುದಿಲ್ಲ. ನಿಮ್ಮವರು ಸೋಮಾರಿಗಳಲ್ಲ, ಹಾಗಾಗಿ ನನಗೆ ಎರಡನೆಯದರ ಮೇಲೇ ಅನುಮಾನ.

ನೇಪಥ್ಯದವಳು:
ಹೌದು, ನಾಟಕದಲ್ಲಿ ಆ ಕ್ಷಣ ತಪ್ಪುವುದು ಕಿವಿಯಲ್ಲಿ. ನಾನು ಸೈಡ್‌ವಿಂಗ್‌ನಲ್ಲಿ ನಿಂತು ಇದನ್ನೇ ನೋಡುತ್ತಿರುತ್ತೇನೆ. ಮಗಳು ಕಾಗದ ಓದಿ ಅಪ್ಪನ ಕೈಗೆ ಕೊಡುವ ದೃಶ್ಯ ಅಂತಿಟ್ಟುಕೊಳ್ಳಿ. ಅಪ್ಪನ ಪಾತ್ರದವರು ಅವಳು ಓದಿದ್ದನ್ನು ಕೇಳಿಸಿಕೊಳ್ಳುವುದೇ ಇಲ್ಲ, ಅವಳ ಮಾತಿನ ಕೊನೆಯ ಪದಕ್ಕೆ ಕಾಯುತ್ತಾ ಆಗಲೇ ಪ್ರೇಕ್ಷಕರ ಕಡೆ ಅರ್ಧ ತಿರುಗಿರುತ್ತಾರೆ, ಕಾಗದ ಕೈಗೆ ಬಂದಾಗ ಅದರ ಕಡೆ ನೋಡುವುದೂ ಇಲ್ಲ. ಅವರ ಮಾತು ಅದ್ಭುತವಾಗಿರುತ್ತೆ, ಆದರೆ ಮಗಳ ಮಾತು ಆಗಲೇ ಸತ್ತಿರುತ್ತೆ. ವರ್ಷಗಟ್ಟಲೆ ಮುಖ್ಯ ಪಾತ್ರ ಮಾಡಿದವರಿಗೆ ಉಳಿದವರು ತಮಗೆ ಹೊಂದಿಕೊಳ್ಳುವುದು ರೂಢಿ. ಈಗ ಹೊಂದಿಕೊಳ್ಳುವವರೇ ಇಲ್ಲ, ಹೊಸಬರಿದ್ದಾಗ ಆ ಕೆಲಸ ಸುಮ್ನೆ ಆಗಿಹೋಗುತ್ತಿತ್ತು. ಒಂದೆರಡು ತಾಲೀಮು ಪಾತ್ರ ಅದಲುಬದಲು ಮಾಡಿಸಿ, ಅಪ್ಪ ಮಗಳ ಮಾತು ಹೇಳಲಿ. ಪ್ರಾಪರ್ಟಿಗೆ ಮಾತ್ರ ಇವತ್ತೇ ಒಬ್ಬರ ಹೆಸರು ಬರೆದಿಡಿ.

ರಂಗದಹುಚ್ಚು:
ಅಕ್ಕಾ, ನಮ್ಮ ಎರಡನೇ ದೃಶ್ಯ ಥೇಟ್ ಹೀಗೇ ಇದೆ! ಶನಿವಾರ ಅದಲುಬದಲು ಮಾಡಿಸುತ್ತೇನೆ. ಹಿರಿಯರೊಬ್ಬರು ಒಪ್ಪುವುದು ಕಷ್ಟ, ಅವರ ಹತ್ತಿರ ಮೊದಲೇ ಹೋಗಿ ಮಾತಾಡಬೇಕು.