ಸಹಾಯ ಬೇಕು: ಮಗಳ ಬೇಸಿಗೆ ಶಿಬಿರದ ಅರ್ಜಿ

ಎಲ್ಲರಿಗೂ ನಮಸ್ಕಾರ. ನಾವು ತೀರ್ಥಹಳ್ಳಿ ಕಡೆಯವರು. ಫಸ್ಟ್ ಪಿಯುಸಿ ಓದೋ ಮಗಳು ಬೇಸಿಗೆ ವಿಜ್ಞಾನ ಶಿಬಿರಕ್ಕೆ ಅರ್ಜಿ ಹಾಕ್ತಿದ್ದಾಳೆ. ಇಷ್ಟದ ಪುಸ್ತಕ ಯಾವುದು, ಚಿಕ್ಕಂದಿನಲ್ಲಿ ಟಿವಿ ನೋಡಿ ಏನು ಕಲಿತೆ ಅಂತ ಇಂಗ್ಲಿಷಿನಲ್ಲಿ ಬರೀಬೇಕು.

ಅವಳ ಪುಸ್ತಕ ತೇಜಸ್ವಿಯವರ ‘ಕರ್ವಾಲೊ’. ಅದರಲ್ಲಿ ಬರೋ ಹಾರುವ ಓತಿಯನ್ನ ನಮ್ಮ ಅಡಿಕೆ ತೋಟದಲ್ಲೇ ಕಂಡ ದಿನ ಊಟ ಬಿಟ್ಟು ಮರದ ಬುಡದಲ್ಲೇ ನಿಂತಿದ್ದಳು. ಟಿವಿ ಅಂದ್ರೆ ಚಂದನದ ‘ಥಟ್ ಅಂತ ಹೇಳಿ’. 2002ರಲ್ಲಿ ಶುರುವಾದದ್ದು, ಅವಳು ಹುಟ್ಟೋಕೂ ಮೊದಲು. ಅಜ್ಜನ ಜೊತೆ ಕೂತು ತಾನೂ ಉತ್ತರ ಕೂಗ್ತಿದ್ದಳು.

ಕನ್ನಡದ್ದು ಬರೆದ್ರೆ ಬೆಲೆ ಇರಲ್ಲ ಅಂತ ಯಾರೋ ಹೇಳಿ, ಈಗ ಓದದ ಇಂಗ್ಲಿಷ್ ಪುಸ್ತಕ ಹಾಕ್ತೀನಿ ಅಂತಿದ್ದಾಳೆ. ನನಗೆ ಮನಸ್ಸಿಲ್ಲ. ಇಂಥ ಅರ್ಜಿ ಬರೆದವರು ಅವಳ ಹತ್ರ ಹತ್ತು ನಿಮಿಷ ಮಾತಾಡ್ತೀರಾ? ‘ಕರ್ವಾಲೊ’ದ ಇಂಗ್ಲಿಷ್ ಅನುವಾದ ಶಿವಮೊಗ್ಗದಲ್ಲಿ ಯಾರ ಹತ್ರ ಇದ್ರೂ ಹೇಳಿ, ನಾನೇ ಬಂದು ತಗೊಂಡು ಹೋಗ್ತೀನಿ.